ಪೆಸ್ 6 ಆಟವನ್ನು ಈಗಿನ ಅಗಲ ಪರದೆಗೆ ಒಗ್ಗಿಸುವುದು ಹೇಗೆ?

ಹಳೇಗೋಲಿ:
2006ರಲ್ಲಿ ಬಂದ ಕೊನಾಮಿಯ ಫುಟ್‌ಬಾಲ್ ಕಂಪ್ಯೂಟರ್ ಆಟ ಪ್ರೊ ಎವಲ್ಯೂಷನ್ ಸಾಕರ್ 6 (ಪೆಸ್ 6) ಅನ್ನು ನಾನು ಈಗಲೂ ಆಡುತ್ತೇನೆ. ಚೆಂಡು ಕಾಲಿಗೆ ಒದಗುವ ಆ ಹದ ಹೊಸ ಆಟಗಳಲ್ಲಿ ನನಗೆ ಸಿಕ್ಕಿಲ್ಲ. ಆದರೆ ಅಗಲ ಮಾನಿಟರ್‌ನಲ್ಲಿ ಆಟಗಾರರೆಲ್ಲ ಅಡ್ಡಡ್ಡ ಹಿಗ್ಗಿದಂತೆ ಕಾಣುತ್ತಾರೆ, ಆಚೆ ಬದಿಯ ಡಿಫೆಂಡರ್‌ನ ಮುಖವಂತೂ ಕಣ್ಣು ಮೂಗಿಲ್ಲದ ಮುದ್ದೆ. ಆಟದಲ್ಲಿ ‘ಮರ್ಸಿಸೈಡ್ ರೆಡ್’ ಎಂಬ ಹುಸಿ ಹೆಸರಿನಲ್ಲಿರುವ ಲಿವರ್‌ಪೂಲ್ ತಂಡಕ್ಕಾಗಿ ಜೆರ್ಸಿಯ ಪ್ಯಾಕ್ ಒಂದನ್ನು ಹಾಕಿ ನೋಡಿದೆ, ಏನೂ ಬದಲಾಗಲಿಲ್ಲ. ಎಲ್ಲಿಂದ ಆರಂಭಿಸಬೇಕು?

ಲೆಫ್ಟ್‌ಬ್ಯಾಕ್:
ಜೆರ್ಸಿಯ ವಿಚಾರ ಆಮೇಲೆ ನೋಡೋಣ. ಮೊದಲು ಕಿಟ್‌ಸರ್ವರ್ ಹಾಕಿಕೊಳ್ಳಿ, ಅದು ಈ ಆಟಕ್ಕೆ ಜೆರ್ಸಿ ಮುಂತಾದವನ್ನು ಸೇರಿಸಲು ಅಭಿಮಾನಿಗಳು ಮಾಡಿದ ಪ್ರೋಗ್ರಾಂ. ಅದರ ಜೊತೆಗೇ ಬರುವ ಎಲ್‌ಒಡಿ (ದೂರಕ್ಕೆ ತಕ್ಕಂತೆ ತೋರಿಸುವ ವಿವರದ ಮಟ್ಟ) ಹೊಂದಿಸುವ ಪುಟ್ಟ ಪ್ರೋಗ್ರಾಂನಲ್ಲಿ ನಿಮ್ಮ ಪರದೆಯ ರೆಸಲ್ಯೂಷನ್ನನ್ನೂ 16:9 ಅನುಪಾತವನ್ನೂ ಕೊಟ್ಟರೆ ಹಿಗ್ಗುವಿಕೆ ಹೋಗುತ್ತದೆ. ಹಳೆಯ ಕಂಪ್ಯೂಟರ್‌ಗಳಿಗೆ ಹೊರೆಯಾಗದಿರಲೆಂದು ಈ ಆಟವು ಕ್ಯಾಮೆರಾದಿಂದ ದೂರವಿರುವ ಆಟಗಾರರಿಗೆ ಒರಟು ಮಾದರಿಯನ್ನು ತೊಡಿಸುತ್ತದೆ. ಅದೇ ಪ್ರೋಗ್ರಾಂನಲ್ಲಿ ಆ ದೂರದ ಮಿತಿಯನ್ನು ಹೆಚ್ಚಿಸಿದರೆ ನಿಮ್ಮ ಡಿಫೆಂಡರ್‌ಗೆ ಮುಖ ಮರಳುತ್ತದೆ. ನನ್ನ ಮಟ್ಟಿಗೆ ಅರ್ಧ ಕೆಲಸ ಇಲ್ಲಿಗೇ ಮುಗಿಯಿತು.

ಇನ್ನು ಜೆರ್ಸಿ. ಕಿಟ್‌ಸರ್ವರ್‌ನ ಜಿಡಿಬಿ ಫೋಲ್ಡರಿನೊಳಗಿನ ‘ಯುನಿ’ಯಲ್ಲಿ ತಂಡಕ್ಕೊಂದು ಫೋಲ್ಡರ್ ಇಟ್ಟು, ಅಲ್ಲಿಯ ‘ಮ್ಯಾಪ್’ ಎಂಬ ಟೆಕ್ಸ್ಟ್ ಫೈಲಿನಲ್ಲಿ ತಂಡದ ಸಂಖ್ಯೆ, ಅಲ್ಪವಿರಾಮ, ಉದ್ಧರಣ ಚಿಹ್ನೆಗಳೊಳಗೆ ಫೋಲ್ಡರಿನ ಹೆಸರು, ಈ ಕ್ರಮದಲ್ಲಿ ಒಂದು ಸಾಲು ಬರೆಯಬೇಕು. ಬಹುಪಾಲು ಜನ ಎಡವುವುದು ಈ ಸಾಲಿನಲ್ಲೇ.

ಕಾರ್ನರ್‌ಫ್ಲ್ಯಾಗ್:
ಆಟವನ್ನು ಪ್ರೋಗ್ರಾಂ ಫೈಲ್ಸ್‌ನ ಒಳಗೆ ಇಡಬೇಡಿ. ಅಲ್ಲಿ ಬದಲಿಸಿದ ಫೈಲುಗಳನ್ನು ವಿಂಡೋಸ್ ಕೆಲವೊಮ್ಮೆ ಸದ್ದಿಲ್ಲದೆ ಬೇರೆಡೆ ಬರೆದಿಡುತ್ತದೆ. ಬಣ್ಣ, ನೆರಳುಗಳನ್ನು ತಿದ್ದಲು ರಿಶೇಡ್ ಎಂಬ ಪ್ರೋಗ್ರಾಂ ಬಳಸುವವರು ಒಂದು ಮಾತು ತಿಳಿದಿರಬೇಕು: ಈ ಆಟ ನಡೆಯುವುದು ವಿಂಡೋಸ್‌ನ ಹಳೆಯ ಚಿತ್ರಣ ವ್ಯವಸ್ಥೆಯಾದ ಡೈರೆಕ್ಟ್‌3ಡಿ 8ರ ಮೇಲೆ, ರಿಶೇಡ್ ಅದನ್ನು ನೇರವಾಗಿ ಹಿಡಿಯುವುದಿಲ್ಲ, ಆದ್ದರಿಂದ ಹಳೆಯದನ್ನು ಹೊಸ ವ್ಯವಸ್ಥೆಗೆ ಬದಲಿಸಿಕೊಡುವ ಡಿಜಿವೂಡೂನಂಥ ಒಂದು ಪದರ ನಡುವೆ ಬೇಕು. ಹಾಕಿದ ಮೇಲೂ ಕೈ ಬಿಗಿಹಿಡಿಯಿರಿ. ಹುಲ್ಲು ಗಿಳಿಹಸಿರಾಗಿ ಹೊಳೆಯುವ ಚಿತ್ರಗಳನ್ನು ಎಲ್ಲರೂ ಮೆಚ್ಚುತ್ತಾರೆ, ಆದರೆ ಅಂಥ ಮೈದಾನದಲ್ಲಿ ತೊಂಬತ್ತು ನಿಮಿಷ ಆಡಿದರೆ ಕಣ್ಣು ಉರಿಯುತ್ತದೆ.

ಹಳೇಗೋಲಿ:
ಇಬ್ಬರಿಗೂ ಧನ್ಯವಾದ. ಅನುಪಾತ ಸರಿಹೋಯಿತು. ಜೆರ್ಸಿಯ ಸಾಲಿನಲ್ಲಿ ನಾನು ಮುಚ್ಚುವ ಉದ್ಧರಣ ಚಿಹ್ನೆಯನ್ನೇ ಬಿಟ್ಟಿದ್ದೆ. ರಿಶೇಡ್‌ನ ಗೋಜಿಗೆ ಸದ್ಯ ಹೋಗುವುದಿಲ್ಲ.