ಪ್ರೀಮಿಯಂ ಬಾಂಡ್‌ಗೆ ಮಗಳ ದುಡ್ಡು ಹಾಕಬಹುದಾ?

ರೆಡಿಂಗ್‌ನಿಂದ ಪ್ರಶ್ನೆ: ಮಗಳು ಹುಟ್ಟಿದಾಗ ಉಡುಗೊರೆಯಾಗಿ ಬಂದ 1,000 ಪೌಂಡ್ ಇದೆ. ಪಕ್ಕದ ಮನೆಯ ಅಜ್ಜಿ ಪ್ರೀಮಿಯಂ ಬಾಂಡ್ (ಬಡ್ಡಿಯ ಬದಲು ಡ್ರಾದಲ್ಲಿ ಬಹುಮಾನ ಕೊಡುವ ಇಲ್ಲಿನ ಸರ್ಕಾರಿ ಉಳಿತಾಯ) ತಗೊಳ್ಳಿ ಎನ್ನುತ್ತಾರೆ. ಬ್ರಿಟನ್ನಿನಲ್ಲಿರುವ ಕನ್ನಡಿಗರು ಯಾರಾದರೂ ಹಾಕಿದ್ದೀರಾ? ಅನುಭವ ಹೇಳಿ.

ಮ್ಯಾಂಚೆಸ್ಟರ್‌ನಿಂದ: ನಾವು ಹಾಕಿದ್ದೇವೆ. ಹಾಕಿದ ಅಸಲು ಹಣಕ್ಕೆ ಏನೂ ಭಯವಿಲ್ಲ, ಸರ್ಕಾರದ ಖಜಾನೆಯೇ ಹೊಣೆ. ಬೇಕಾದಾಗ ತೆಗೆಯಬಹುದು. ಆದರೆ ಬಡ್ಡಿ ಅಂತ ಒಂದು ಪೆನ್ನಿಯೂ ಸಿಗುವುದಿಲ್ಲ. ಒಂದು ಪೌಂಡಿಗೆ ಒಂದು ಬಾಂಡ್. 1957ರಿಂದ ಡ್ರಾ ನಡೆಯುತ್ತಿದೆ. ತಿಂಗಳಿಗೊಮ್ಮೆ 'ಅರ್ನಿ' ಎಂಬ ಯಂತ್ರ ನಂಬರ್ ಎತ್ತುತ್ತದೆ. ಬಹುಮಾನ 25 ಪೌಂಡಿನಿಂದ 10 ಲಕ್ಷದವರೆಗೆ, ಇಲ್ಲಿ ಅದಕ್ಕೆ ತೆರಿಗೆ ಇಲ್ಲ.

ನಿಮ್ಮ ಮೊತ್ತಕ್ಕೆ ಲೆಕ್ಕ ಹಾಕಿ ನೋಡಿ. 2025ರಲ್ಲಿ ಒಂದು ಬಾಂಡ್ ಒಂದು ಡ್ರಾದಲ್ಲಿ ಗೆಲ್ಲುವ ಸಾಧ್ಯತೆ 22,000ಕ್ಕೆ 1. ಅಂದರೆ 1,000 ಬಾಂಡಿಗೆ ಹೆಚ್ಚುಕಡಿಮೆ ಎರಡು ವರ್ಷಕ್ಕೊಂದು ಬಹುಮಾನ, ಅದೂ ಸಾಮಾನ್ಯವಾಗಿ 25, 50 ಇಲ್ಲವೇ 100 ಪೌಂಡಿನದು. ವರ್ಷವಿಡೀ ಏನೂ ಬರದೆ ಇರುವ ಸಾಧ್ಯತೆಯೇ ಅರ್ಧಕ್ಕಿಂತ ಜಾಸ್ತಿ. ಜಾಹೀರಾತಿನಲ್ಲಿ ಕಾಣುವ ಶೇಕಡಾವಾರು ದರ ಬಡ್ಡಿಯಲ್ಲ, ಎಲ್ಲ ಬಹುಮಾನಗಳ ಸರಾಸರಿ, ಅದನ್ನು ನೋಡಿ ಮರುಳಾಗಬೇಡಿ. ಆ ಹತ್ತು ಲಕ್ಷದ ಬಹುಮಾನಗಳೂ ಅದರಲ್ಲಿ ಸೇರಿವೆ, ಅವು ನಮ್ಮ ನಿಮ್ಮ ಮನೆಗೆ ಬರುವುದು ಅಪರೂಪ ಅಲ್ವಾ. ಮಗುವಿನ ದುಡ್ಡು ಬೆಳೆಯಬೇಕು ಎಂದಿದ್ದರೆ ಜೂನಿಯರ್ ಐಸಾ ನೋಡಿ (ಐಸಾ ಅಂದರೆ ಗಳಿಕೆಗೆ ತೆರಿಗೆ ಇಲ್ಲದ ಉಳಿತಾಯ ಖಾತೆ, ಇದು ಮಕ್ಕಳದ್ದು).

ಲೆಸ್ಟರ್‌ನಿಂದ: ನಮ್ಮದು ಬೇರೆ ಕಥೆ. ಮನೆ ಮಾರಿದ ದುಡ್ಡು ಇತ್ತು, ಆ ವರ್ಷದ ಐಸಾ ಮಿತಿ 20,000 ಪೌಂಡ್ ಮುಗಿದಿತ್ತು, ಬ್ಯಾಂಕಿನಲ್ಲಿ ಇಟ್ಟರೆ ಬಡ್ಡಿಗೆ ಶೇ. 40 ತೆರಿಗೆ. ಹಾಗಾಗಿ ಪ್ರೀಮಿಯಂ ಬಾಂಡಿನ ಪೂರ್ತಿ ಮಿತಿ 50,000 ಪೌಂಡ್ ಹಾಕಿದೆವು. ಇಷ್ಟು ಇದ್ದರೆ ಬಹುತೇಕ ತಿಂಗಳು ಏನಾದರೂ ಬರುತ್ತದೆ. ತಿಂಗಳ ಮೊದಲ ವಾರ ನಮ್ಮವರು ಟೀ ಹಿಡಿದುಕೊಂಡೇ ಆಪ್ ತೆರೆಯುತ್ತಾರೆ. ಎರಡು 25 ಬಂದರೂ ಮನೆಯಲ್ಲೆಲ್ಲ ಖುಷಿ. ಬಂದದ್ದು ನೇರ ಬ್ಯಾಂಕ್ ಖಾತೆಗೆ ಹೋಗುತ್ತದೆ.

ಇನ್ನೊಂದು, ತಿಂಗಳ ಶುರುವಿನಲ್ಲೇ ಹಾಕಲು ಅವಸರ ಮಾಡಬೇಡಿ. ಜನವರಿ 2ಕ್ಕೆ ಕೊಂಡರೂ 28ಕ್ಕೆ ಕೊಂಡರೂ ಮೊದಲ ಡ್ರಾ ಮಾರ್ಚ್‌ನಲ್ಲೇ. ಅಲ್ಲಿಯವರೆಗೆ ಬಡ್ಡಿ ಬರುವ ಖಾತೆಯಲ್ಲಿ ಇರಲಿ.

ಬ್ರಿಸ್ಟಲ್‌ನಿಂದ: ಅಜ್ಜಿ ಮಾತಿಗೂ ಬೆಲೆ ಕೊಡಿ, 25 ಪೌಂಡ್ ಹಾಕಿ, ಉಳಿದದ್ದು ಐಸಾಗೆ. 16 ತುಂಬಿದ ಮೇಲೆ ಬಾಂಡ್ ಮಗಳ ಕೈಗೇ ಹೋಗುತ್ತದೆ. ಊರಿಗೆ ವಾಪಸ್ ಹೋಗುವ ಯೋಚನೆ ಇದ್ದರೆ ಭಾರತದ ತೆರಿಗೆ ತಿಳಿದವರನ್ನು ಮೊದಲೇ ಕೇಳಿ. ಇಲ್ಲಿನ ವಿನಾಯಿತಿ ಅಲ್ಲಿಗೆ ತಾನಾಗಿ ಅನ್ವಯಿಸುವುದಿಲ್ಲ.