‘ತ್ಯಾಜ್ಯ ತೈಲ’ ಎಂದರೆ ಯಾವ ಎಣ್ಣೆ? ಕರಿದು ಮಿಕ್ಕ ಎಣ್ಣೆಗೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ.

ಕರಿದು ಮಿಕ್ಕ ಅಡುಗೆ ಎಣ್ಣೆಯನ್ನು ಸೋಸಿ ಹಳೆಯ ಡೀಸೆಲ್ ಕಾರುಗಳಿಗೆ ಇಂಧನವಾಗಿ ಬಳಸುವ ಬಗ್ಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ತೊಡಕು ಎದುರಾಯಿತು. ಕರಡಿನಲ್ಲಿ ‘ತ್ಯಾಜ್ಯ ತೈಲ’ ಎಂದು ಬರೆದಿದ್ದೆ. ಓದಿದ ಗೆಳೆಯರೊಬ್ಬರು, “ಹಾಗಾದರೆ ಸರ್ವಿಸ್ ಮಾಡಿಸುವಾಗ ಎಂಜಿನ್ನಿನಿಂದ ಇಳಿಸುವ ಕಪ್ಪು ಆಯಿಲ್ಲನ್ನೇ ಸೋಸಿ ಟ್ಯಾಂಕಿಗೆ ಹಾಕಬಹುದಲ್ಲ?” ಎಂದು ಕೇಳಿದರು. ತಪ್ಪು ಅವರದಲ್ಲ, ನನ್ನ ಪದದ್ದು. ಎಂಜಿನ್ನಿನಿಂದ ಇಳಿಸಿದ ಆಯಿಲಿನಲ್ಲಿ ಸವೆದ ಲೋಹದ ಪುಡಿ ಇರುತ್ತದೆ, ಮಸಿ ಇರುತ್ತದೆ, ಸತು ಮತ್ತು ಕ್ಯಾಲ್ಸಿಯಂ ಕೂಡಿದ ರಾಸಾಯನಿಕಗಳಿರುತ್ತವೆ. ಉರಿದರೆ ಬೂದಿ ಉಳಿಯುತ್ತದೆ. ನಾನು ಹೇಳಹೊರಟ ಎಣ್ಣೆಯೇ ಬೇರೆ. ಒಂದು ಪದದಿಂದ ಒಬ್ಬರ ಎಂಜಿನ್ ಕೆಡುವಂತಿದ್ದರೆ ಆ ಪದವನ್ನು ಬಿಡಲೇಬೇಕು.

ಮೊದಲು ‘ತೈಲ’ದ ಮಾತು. ಎಣ್ಣೆ ಎಂಬುದು ಎಳ್ ಮತ್ತು ನೆಯ್ ಕೂಡಿ ಆದದ್ದು. ತೈಲ ಹುಟ್ಟಿದ್ದು ಸಂಸ್ಕೃತದ ತಿಲದಿಂದ. ಹುಟ್ಟಿನಲ್ಲಿ ಎರಡೂ ಎಳ್ಳಿನ ಮಕ್ಕಳೇ. ಆದರೆ ಬಳಕೆಯಲ್ಲಿ ದಾರಿ ಬೇರೆಯಾಗಿದೆ. ಕಚ್ಚಾ ತೈಲ, ತೈಲ ಬಾವಿ, ತೈಲ ಬೆಲೆ ಎನ್ನುವಾಗ ನಮ್ಮ ಕಣ್ಣ ಮುಂದೆ ಬರುವುದು ನೆಲದೊಳಗಿನ ತೈಲ. ದೀಪಕ್ಕೆ, ತಲೆಗೆ, ಬಾಣಲೆಗೆ ಹಾಕುವುದು ಎಣ್ಣೆ. ಇನ್ನು ಗ್ಯಾರೇಜಿನಲ್ಲಿ ‘ಆಯಿಲ್’ ಎಂದರೆ ಎಂಜಿನ್ನಿಗೆ ಹಾಕುವ ಕೀಲೆಣ್ಣೆ, ಬೇರೇನೂ ಅಲ್ಲ. ಸೀಮೆಎಣ್ಣೆ, ಖಾದ್ಯ ತೈಲಗಳಂಥ ಅಪವಾದಗಳು ಇವೆ, ನಿಜ. ಆದರೂ ಈ ಕೈಪಿಡಿಯಲ್ಲಿ ‘ಎಣ್ಣೆ’ಯೇ ಇರಬೇಕು ಎಂಬ ವಿಷಯದಲ್ಲಿ ನನಗೆ ಸಂದೇಹವಿಲ್ಲ.

ಸಂದೇಹವಿರುವುದು ವಿಶೇಷಣದಲ್ಲಿ. ‘ಬಳಸಿದ ಎಣ್ಣೆ’ ಎಂದರೆ ಯಾವುದಕ್ಕೆ ಬಳಸಿದ್ದು ಎಂಬ ಪ್ರಶ್ನೆ ಉಳಿಯುತ್ತದೆ. ‘ಕರಿದ ಎಣ್ಣೆ’ ವ್ಯಾಕರಣಕ್ಕೆ ಸರಿಯಾಗಿಯೇ ಇದೆ; ಕುಡಿದ ಲೋಟ, ಮಲಗಿದ ಚಾಪೆ ಎನ್ನುವ ಭಾಷೆಯಲ್ಲಿ ಕರಿದ ಎಣ್ಣೆಯನ್ನು ಯಾರೂ ತಪ್ಪಾಗಿ ತಿಳಿಯುವುದಿಲ್ಲ. ಆದರೆ ಅವಸರದಲ್ಲಿ ಓದುವವರಿಗೆ ಅದು ‘ಕರಿಯ ಎಣ್ಣೆ’ಯಾಗಿ ಕಂಡರೆ ಮತ್ತೆ ಅದೇ ಕಪ್ಪು ಆಯಿಲಿಗೆ ಬಂದು ನಿಲ್ಲುತ್ತೇವೆ. ‘ಕರಿದುಳಿದ ಎಣ್ಣೆ’ ಎಂದರೆ ಹೇಗೆ? ನನ್ನ ಒಲವು ಅದರ ಕಡೆಗಿದೆ. ಪುಟಕ್ಕೆ ಹತ್ತು ಸಲ ಬರೆಯಲು ಉದ್ದವಾಯಿತೇ ಎಂಬುದಷ್ಟೇ ಅಳುಕು.

ಮುಂದಿನದು ‘ಸೋಸಿದ’. ನನ್ನ ಮುಂದೆ ಒಂದು ಗಾಜಿನ ಜಾಡಿ ಇದೆ. ನಾಲ್ಕು ದಿನದಿಂದ ಅದನ್ನು ಅಲುಗಿಸಿಲ್ಲ. ಮೇಲೆ ಜೇನುಬಣ್ಣದ ತಿಳಿ, ತಳದಲ್ಲಿ ಎರಡು ಬೆರಳಷ್ಟು ಕಂದು ಗಸಿ. ತಿಳಿಯನ್ನು ನಿಧಾನವಾಗಿ ಬಸಿದುಕೊಂಡು ಬಟ್ಟೆಯಲ್ಲಿ, ಆಮೇಲೆ 5 ಮೈಕ್ರಾನಿನ ಫಿಲ್ಟರಿನಲ್ಲಿ ಸೋಸಿದೆ. ನೋಡಲು ಅಪ್ಪಟ. ಆದರೆ ಅದರ ಒಂದು ತೊಟ್ಟನ್ನು ಕಾದ ಬಾಣಲೆಗೆ ಬಿಟ್ಟರೆ ಚಟಚಟ ಎಂದಿತು. ಅಂದರೆ ನೀರು ಒಳಗೇ ಇದೆ, ಎಂಜಿನ್ನಿಗೆ ಇಂಧನ ಒತ್ತಿ ಕಳಿಸುವ ಇಂಜೆಕ್ಷನ್ ಪಂಪಿಗೆ ತುಕ್ಕು ಹಿಡಿಸಲು ಅದು ಸಾಕು. ‘ಸೋಸಿದ ಎಣ್ಣೆ’ ಎಂಬ ಮಾತು ಈ ನೀರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಾಗಾಗಿ ತಿಳಿಯಾಗಿಸು, ಬಸಿ, ಸೋಸು, ನೀರಿಂಗಿಸು (ಎಣ್ಣೆಯೊಳಗಿನ ನೀರನ್ನು ಹೋಗಲಾಡಿಸು) ಎಂದು ನಾಲ್ಕು ಕ್ರಿಯಾಪದಗಳನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತಿದ್ದೇನೆ. ‘ಶೋಧಿಸು’ ಬೇಡವೆನಿಸಿತು, ಅದು ಈಗ ಹುಡುಕಾಟದ ಪದವಾಗಿಬಿಟ್ಟಿದೆ. ಎಣ್ಣೆ ಹಳಸಿ ಆಮ್ಲ ಹೆಚ್ಚಾದುದಕ್ಕೆ ‘ಕಮಟು’ ಎಂಬ ಪದ ನಮ್ಮಲ್ಲೇ ಇರುವಾಗ ಹೊಸದನ್ನು ಕಟ್ಟುವ ಅಗತ್ಯವೇ ಇಲ್ಲ.

ದ್ರವ ಎಷ್ಟು ಮಂದ ಎಂಬುದನ್ನು ಹೇಳುವ ‘ಸ್ನಿಗ್ಧತೆ’ಯ ಬಗ್ಗೆ ನನಗೆ ಬಹಳ ದಿನದ ತಕರಾರಿದೆ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಸ್ಯದ ಎಣ್ಣೆ ಡೀಸೆಲ್ಲಿಗಿಂತ ಸುಮಾರು ಹತ್ತು ಪಟ್ಟು ಮಂದ. ಅದಕ್ಕಾಗಿಯೇ ಎರಡು ಟ್ಯಾಂಕಿನ ಏರ್ಪಾಡು: ಡೀಸೆಲ್ಲಿನಲ್ಲಿ ಗಾಡಿ ಶುರು ಮಾಡಿ, ಎಂಜಿನ್ನಿನ ಬಿಸಿನೀರಿನಿಂದ ಎಣ್ಣೆ ಕಾದು ತೆಳುವಾದ ಮೇಲೆ ಅದಕ್ಕೆ ಬದಲಾಯಿಸುವುದು, ನಿಲ್ಲಿಸುವ ಮುನ್ನ ಮತ್ತೆ ಡೀಸೆಲ್ಲಿಗೆ ಬಂದು ಕೊಳವೆಗಳನ್ನು ತೊಳೆಯುವುದು. ಪಠ್ಯಪುಸ್ತಕಗಳು ಈ ಗುಣವನ್ನು ಸ್ನಿಗ್ಧತೆ ಎನ್ನುತ್ತವೆ. ಸ್ನಿಗ್ಧ ಎಂದರೆ ಎಣ್ಣೆಯ ನಯ ಉಳ್ಳದ್ದು. ಜೇನು ಎಣ್ಣೆಗಿಂತ ಎಷ್ಟೋ ಪಾಲು ಮಂದ, ಅದರಲ್ಲಿ ಜಿಡ್ಡಿನ ಪಸೆಯೂ ಇಲ್ಲ. ಎಣ್ಣೆ ಕಾದರೆ ತೆಳುವಾಗುತ್ತದೆಯೇ ಹೊರತು ಜಿಡ್ಡು ಕಳೆದುಕೊಳ್ಳುವುದಿಲ್ಲ. ‘ಮಂದತೆ’ ಎಂದು ಬರೆದರೆ ವಿಜ್ಞಾನ ಕಲಿಸುವವರು ಒಪ್ಪುವರೇ?

‘ಜೈವಿಕ ಡೀಸೆಲ್’ ಎಂಬುದನ್ನು ಸೋಸಿದ ಈ ಎಣ್ಣೆಗೆ ಬಳಸಲಾಗದು. ಅದು ಎಣ್ಣೆಗೆ ಮೆಥನಾಲ್ ಮತ್ತು ಕ್ಷಾರ ಸೇರಿಸಿ, ಗ್ಲಿಸರಿನ್ ಬೇರ್ಪಡಿಸಿ ತಯಾರಿಸಿದ ಬೇರೆಯೇ ವಸ್ತು. ‘ಪರ್ಯಾಯ ಇಂಧನ’ವೂ ಪೂರ್ತಿ ಒಪ್ಪುವುದಿಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಆ ಎಂಜಿನ್ನನ್ನು ರೂಪಿಸಿದ ರುಡಾಲ್ಫ್ ಡೀಸೆಲ್ ಅವರ ಹೆಸರು ಮೊದಲು ಬಂದದ್ದು ಎಂಜಿನ್ನಿಗೆ, ಇಂಧನಕ್ಕೆ ಅಂಟಿದ್ದು ಆಮೇಲೆ. ಆದ್ದರಿಂದ ಡೀಸೆಲ್ ಕಾರನ್ನು ಎಣ್ಣೆಯಲ್ಲಿ ಓಡಿಸುವುದು ಎಂಬ ಮಾತಿನಲ್ಲಿ ವಿರೋಧವೇನೂ ಇಲ್ಲ.

ಹಳೆಯ ಕಾರೇ ಏಕೆ ಎಂದು ವಿವರಿಸುವಲ್ಲಿ ಇನ್ನೊಂದು ಪದ ಬೇಕಾಯಿತು. ಮರ್ಸಿಡಿಸ್ ಬೆಂಜ್ 300ಡಿಯಂಥ ಹಳೆಯ ಕಾರುಗಳಲ್ಲಿ ಇಂಧನ ಮೊದಲು ಒಂದು ಚಿಕ್ಕ ಕೋಣೆಯಲ್ಲಿ ಹೊತ್ತಿಕೊಂಡು ಆಮೇಲೆ ಸಿಲಿಂಡರಿಗೆ ನುಗ್ಗುತ್ತದೆ. ಅದನ್ನು ‘ಮುಂಗೋಣೆ’ ಎಂದು ಕರೆದಿದ್ದೇನೆ. ಎಲ್ಲ ಸಿಲಿಂಡರುಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಇಂಧನ ಹರಿಸುವ ಇಂದಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಮುಂಗೋಣೆ ಇಲ್ಲ. ಅವುಗಳ ಇಂಜೆಕ್ಟರುಗಳ, ಅಂದರೆ ಇಂಧನ ಸಿಂಪಡಿಸುವ ಮೂತಿಗಳ, ಸೂಕ್ಷ್ಮ ರಂಧ್ರಗಳು ಇಂಥ ಎಣ್ಣೆಯನ್ನು ತಾಳುವುದಿಲ್ಲ.

ಕೊನೆಯದಾಗಿ, ನನಗೆ ಪದವೇ ಸಿಗದ ಒಂದು ವಸ್ತು. ಬಹಳ ದಿನ ಬಳಸಿದ ಬಾಣಲೆಯ ಅಂಚಿನಲ್ಲಿ ಕಂದುಬಣ್ಣದ ಪೊರೆಯೊಂದು ಕೂರುತ್ತದೆ. ಉಗುರಿನಿಂದ ಕೆರೆದರೂ ಬರುವುದಿಲ್ಲ, ಮುಟ್ಟಿದರೆ ಮೊದಮೊದಲು ಅಂಟು, ಆಮೇಲೆ ಮೆರುಗೆಣ್ಣೆ ಹಚ್ಚಿದ ಹಾಗೆ ಗಟ್ಟಿ. ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಆಗುವ ಪೊರೆ ಅದು. ಸರಿಯಾಗಿ ಕಾಯದ ಎಣ್ಣೆ ಇಂಜೆಕ್ಟರಿನ ತುದಿಯಲ್ಲಿ, ಪಿಸ್ಟನ್ನಿನ ಉಂಗುರಗಳಲ್ಲಿ ಕೂರಿಸುವುದೂ ಇಂಥದ್ದನ್ನೇ. ‘ಜಿಡ್ಡು’ ಎಂದರೆ ತೊಳೆದರೆ ಹೋಗುವಂಥದ್ದು, ‘ಗಸಿ’ ತಳದಲ್ಲಿ ನಿಲ್ಲುವಂಥದ್ದು. ಈ ಪೊರೆಗೆ ನಿಮ್ಮ ಮನೆಮಾತಿನಲ್ಲಿ ಹೆಸರಿದ್ದರೆ ದಯವಿಟ್ಟು ತಿಳಿಸಿ.