ಎಂಬಿಎ ಸೀಟು ಒಪ್ಪಿಕೊಳ್ಳುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ನಗರದ ವಿಶ್ವವಿದ್ಯಾಲಯವೊಂದರ ಬಿಸಿನೆಸ್ ಸ್ಕೂಲಿನಲ್ಲಿ ಎಂಬಿಎ ಸೀಟು ಸಿಕ್ಕಿದೆ. ಎಎಸಿಎಸ್‌ಬಿ, ಇಕ್ವಿಸ್, ಆಂಬಾ ಎಂಬ ಬಿಸಿನೆಸ್ ಶಿಕ್ಷಣದ ಮೂರೂ ಅಂತರರಾಷ್ಟ್ರೀಯ ಮಾನ್ಯತೆ ಇದೆಯಂತೆ. ಇಷ್ಟು ಸಾಕೇ? ಕೇಸ್ ಚರ್ಚೆಗೆ (ಒಂದು ಕಂಪನಿಯ ಸಮಸ್ಯೆಯನ್ನು ಓದಿಕೊಂಡು ಬಂದು ತರಗತಿಯಲ್ಲಿ ಚರ್ಚಿಸುವುದು), ಗುಂಪು ಪ್ರಾಜೆಕ್ಟಿಗೆ ತಯಾರಿ ಹೇಗೆ?

ಉತ್ತರ 1: ಮೂರೂ ಒಂದೇ ಅಲ್ಲ. ಎಎಸಿಎಸ್‌ಬಿ, ಇಕ್ವಿಸ್ ಇಡೀ ಸ್ಕೂಲನ್ನು ಅಳೆಯುತ್ತವೆ. ಆಂಬಾ ನೋಡುವುದು ಎಂಬಿಎಯಂಥ ಕೋರ್ಸುಗಳನ್ನು. ಇಕ್ವಿಸ್ ಸಿಗುವುದು 3 ಅಥವಾ 5 ವರ್ಷಕ್ಕೆ ಮಾತ್ರ, ಆಮೇಲೆ ಮತ್ತೆ ಪರಿಶೀಲನೆ. ಆದ್ದರಿಂದ ಮಾನ್ಯತೆ ಕೊಡುವವರ ಪಟ್ಟಿಯಲ್ಲೇ ಹೆಸರು ಹುಡುಕಿ. ಅದಕ್ಕಿಂತ ಮುಖ್ಯ ಪ್ಲೇಸ್‌ಮೆಂಟ್ ವರದಿ. ಸರಾಸರಿ ಸಂಬಳ ನಂಬಬೇಡಿ, ಒಂದೆರಡು ದೊಡ್ಡ ಸಂಬಳ ಅದನ್ನು ಮೇಲೆತ್ತಿಬಿಡುತ್ತದೆ, ಮಧ್ಯಾಂಕ (ಸಂಬಳಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವುದು) ಕೇಳಿ. ಕೆಲಸ ಸಿಕ್ಕವರ ಶೇಕಡಾವಾರು ಲೆಕ್ಕ ಇಡೀ ಬ್ಯಾಚಿನದೋ, ಕೆಲಸ ಹುಡುಕಿದವರದಷ್ಟೋ ಅಂತಲೂ ಕೇಳಿ.

ಉತ್ತರ 2: ಕೇಸಿನ ಮೊದಲ ಮತ್ತು ಕೊನೆಯ ಪ್ಯಾರಾ ಮೊದಲು ಓದಿ: ಯಾರು, ಯಾವಾಗಿನೊಳಗೆ, ಏನು ತೀರ್ಮಾನಿಸಬೇಕು? ನಂತರ ಕೇಸಿನ ಕೊನೆಯಲ್ಲಿರುವ ಕೋಷ್ಟಕಗಳು. ಪೂರ್ತಿ ಓದು ಆಮೇಲೆ. ಒಂದು ಲೆಕ್ಕವನ್ನಾದರೂ ಮಾಡಿಕೊಂಡೇ ಹೋಗಿ. ಸ್ಥಿರ ವೆಚ್ಚ 6,00,000, ಬೆಲೆ 500, ಪ್ರತಿ ವಸ್ತುವಿನ ವೆಚ್ಚ 300 ಇದ್ದರೆ 3,000 ವಸ್ತು ಮಾರಿದಾಗಲೇ ಅಸಲು. ಮಾರುಕಟ್ಟೆಯೇ 2,000ದ್ದಾದರೆ ಅಲ್ಲಿಗೆ ಆ ಯೋಜನೆ ಬಿತ್ತು. ಬಹಳ ಜನ ಎಡವುವುದು ಕಥೆಯನ್ನೇ ಮತ್ತೆ ಹೇಳುವುದರಲ್ಲಿ. ಅದಕ್ಕೆ ಅಂಕ ಬರುವುದಿಲ್ಲ.

ಉತ್ತರ 3: ಗುಂಪು ಪ್ರಾಜೆಕ್ಟಿಗೆ ಮೊದಲ ವಾರವೇ ಯಾರ ಪಾಲು ಏನು, ಯಾವಾಗ ಅಂತ ಬರೆದಿಡಿ. ಸಲ್ಲಿಕೆಗೆ ಎರಡು ದಿನ ಮುಂಚೆ ಒಬ್ಬರೇ ಇಡೀ ವರದಿ ಓದಬೇಕು, ಇಲ್ಲದಿದ್ದರೆ ಒಂದು ಪುಟದ ಅಂಕಿ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ.